ಫಾರ್ ಜಯಕುಮಾರ್

ಸೂಜಿ ಕೌಂಟರಿನ ಹಿಂದೆ ಕೂತು ರಂಜಿತ ಮುರಿದ ಸೂಜಿಯ ಚೂರುಗಳನ್ನು ರಿಜಿಸ್ಟರಿನ ಪುಟಕ್ಕೆ ಅಂಟಿಸುತ್ತಿದ್ದಳು. ಮೊದಲು ದಪ್ಪನೆಯ ಬುಡ, ಅದರ ಕೆಳಗೆ ನಡು, ಕೊನೆಗೆ ತುದಿ. ಮೂರನ್ನೂ ನೇರಕ್ಕೆ ಜೋಡಿಸಿ, ಮೇಲೆ ಟೇಪು ಎಳೆದು, ಹೆಬ್ಬೆರಳಿನ ಉಗುರಿನಿಂದ ಒತ್ತಿ ಉಜ್ಜಿದಳು. ಎದುರಿಗೆ ಎರಡನೇ ಲೈನಿನ ಸೂಪರ್‌ವೈಸರ್ ಜಯಕುಮಾರ್ ನಿಂತಿದ್ದ. ಉಜ್ಜುತ್ತಿದ್ದ ಉಗುರು ತುದಿಯ ಹತ್ತಿರ ಬಂದು ನಿಂತುಬಿಟ್ಟಿತು.

ಬಾಶೆಟ್ಟಿಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ ಹೊಲಿಯುವುದು ಮಕ್ಕಳ ಫ್ರಾಕು. ಮಗುವಿನ ಬಟ್ಟೆಯಲ್ಲಿ ಸೂಜಿಯ ಚೂರು ಉಳಿಯಬಾರದು. ಅದಕ್ಕೇ ಅಲ್ಲೊಂದು ಕಟ್ಟಳೆ: ಯಾವ ಟೈಲರಿನ ಸೂಜಿ ಮುರಿದರೂ ಎಲ್ಲ ಚೂರುಗಳನ್ನು ಹುಡುಕಿ ತಂದುಕೊಟ್ಟರೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಲೈನು ನಿಲ್ಲಿಸಿ, ಆ ಹೊತ್ತಿನಲ್ಲಿ ಹೊಲಿದ ಬಂಡಲುಗಳನ್ನೆಲ್ಲ ಬಿಚ್ಚಿ ನೋಡಬೇಕು. ಸಿಕ್ಕರೆ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ಸೂಪರ್‌ವೈಸರು ತಾನು ಕಣ್ಣಾರೆ ನೋಡಿದೆನೆಂದು ಸಹಿ ಹಾಕಬೇಕು.

ರಂಜಿತ ಡಬ್ಬಿಯಿಂದ ಹೊಸದೊಂದು ಹನ್ನೊಂದನೇ ನಂಬರಿನ ಸೂಜಿ ತೆಗೆದು ಅಂಟಿಸಿದ್ದರ ಪಕ್ಕದಲ್ಲಿಟ್ಟಳು. ಅಂಟಿಸಿದ ಸೂಜಿ ಹೊಸದಕ್ಕಿಂತ ಅಕ್ಕಿಕಾಳಿನಷ್ಟು ಉದ್ದವಿತ್ತು. ಮುರಿದ ಸೂಜಿ ಮೋಟಾಗುತ್ತದೆಯೇ ಹೊರತು ಬೆಳೆಯುವುದಿಲ್ಲ.

"ಸಾರ್, ಈ ತುದಿ ಇದರದ್ದಲ್ಲ ಅನ್ಸುತ್ತೆ. ದಪ್ಪ ಇದೆ."

"ನೀನ್ಯಾವಾಗಮ್ಮ ಸೂಜಿ ಡಾಕ್ಟ್ರಾದೆ?" ಜಯಕುಮಾರನ ಕಣ್ಣು ಗೋಡೆಯ ಮೇಲಿನ ಟಾರ್ಗೆಟ್ ಬೋರ್ಡಿನ ಮೇಲಿತ್ತು. "ಪಾಪಮ್ಮ ಮಿಷನ್ ಮುಂದೆ ಸುಮ್ನೆ ಕೂತವ್ಳೆ. ಹಿಂದೆ ಪೀಸು ರಾಶಿ ಬಿದ್ದೈತೆ. ಫಾರ್ ಹಾಕಿ ಸೈನ್ ಮಾಡು, ಸೂಜಿ ಕೊಡು."

ಅವಳು ಫಾರ್ ಜಯಕುಮಾರ್ ಎಂದು ಬರೆದು ಕೆಳಗೆ ತನ್ನ ಸಹಿ ಹಾಕಿದಳು. ಸೂಜಿ ಕೊಟ್ಟಳು. ಅವನು ಹೋದ. ಅದು ಮಂಗಳವಾರ.

ಫಾರ್ ಎನ್ನುವ ಆ ಮಾತನ್ನು ಅವಳಿಗೆ ಮೊದಲು ಕಲಿಸಿದವರು ಸಾಸಲಿನ ಶಾಲೆಯ ಆದಿನಾರಾಯಣಪ್ಪ ಮೇಷ್ಟ್ರು. ಒಂದು ದಿನ ಪಂಚೆಯ ಮಡಿಲಲ್ಲಿ ಸೀಬೆಹಣ್ಣು ತಂದು, ಪ್ರತಿಯೊಬ್ಬರ ಕೈಗೂ ಒಂದೊಂದು ಕೊಡುತ್ತ, ಇದು ಫಾರ್ ಕವಿತ, ಇದು ಫಾರ್ ಸಿದ್ದರಾಜು ಎಂದಿದ್ದರು. ಹಣ್ಣು ಸಾಲದೆ ಬಂದಾಗ ಉಳಿದ ಒಂದನ್ನು ಕಚ್ಚಿ ಎರಡು ಮಾಡಿ, ದೊಡ್ಡ ಅರ್ಧ ಇವಳ ಕೈಗಿಟ್ಟು, "ಇದು ಫಾರ್ ರಂಜಿತ. ಫಾರ್ ಅಂದ್ರೆ ಗೋಸ್ಕರ ಕಣಮ್ಮ, ನಿನಗೋಸ್ಕರ," ಎಂದಿದ್ದರು. ಮರುವರ್ಷ, ಒಂಬತ್ತನೇ ಕ್ಲಾಸು ಮುಗಿಯುತ್ತಲೇ ಅವಳು ಶಾಲೆ ಬಿಟ್ಟಳು. ಇಂಗ್ಲಿಷಿನಲ್ಲಿ ಅವಳಿಗೆ ಗಟ್ಟಿಯಾಗಿ ಉಳಿದ ಮಾತು ಅದೊಂದೇ.

ಕಾರ್ಖಾನೆಗೆ ಸೇರಿದ ಮೇಲೆ ಅದು ಎಲ್ಲೆಲ್ಲೂ ಕಂಡಿತು. ಹೆಂಗಸರ ಕಕ್ಕಸಿನ ಬಾಗಿಲ ಮೇಲೆ ಇತ್ತು, ಆಫೀಸಿನವರಿಗೆ ಮಾತ್ರ ಎನ್ನುವ ಕುಡಿಯುವ ನೀರಿನ ಕ್ಯಾನಿನ ಮೇಲೂ ಇತ್ತು. ಕೌಂಟರಿಗೆ ಕೂರಿಸಿದ ಮೊದಲ ದಿನ ಜಯಕುಮಾರ್ ತನ್ನ ಹೆಸರಿನ ಮುಂದೆ ಅದನ್ನು ಬರೆದು ತೋರಿಸಿದಾಗ ಅವಳು ಧೈರ್ಯ ಮಾಡಿ, "ನಿಮಗೋಸ್ಕರ ಅಂತಾನಾ ಸಾರ್?" ಎಂದು ಕೇಳಿದ್ದಳು. ಅವನು ನಕ್ಕಿದ್ದ. "ನನ್ನ ಬದಲಿಗೆ ಅಂತ. ನೀನು ಹಾಕಿದ್ರೂ ನಾನೇ ಹಾಕ್ದಂಗೆ. ಭಯ ಬೀಳ್ಬೇಡ, ನಿನ್ ತಲೆ ಮೇಲೇನೂ ಬರಲ್ಲ." ಅವತ್ತಿನಿಂದ ಎರಡು ವರ್ಷ ದಿನವೂ ಅವನ ಹೆಸರು ಬರೆದಳು. ತನ್ನ ಅಪ್ಪನ ಹೆಸರನ್ನೂ ಅವಳು ಅಷ್ಟು ಸಲ ಬರೆದಿರಲಿಲ್ಲ.

ಗುರುವಾರ ಪ್ಯಾಕಿಂಗಿನಲ್ಲಿ ಅನಸೂಯಕ್ಕ ಕಿರುಚಿಕೊಂಡಳು. ಮಡಿಸುತ್ತಿದ್ದ ಫ್ರಾಕಿನ ಕತ್ತಿನ ಹೊಲಿಗೆಯಲ್ಲಿ ಕೂತಿದ್ದ ಸೂಜಿಯ ತುದಿ ಅವಳ ಅಂಗೈಗೆ ಇಳಿದು ಒಳಗೇ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಶುಕ್ರವಾರ ಬೆಳಿಗ್ಗೆ ಸಾಸಲಿನ ಬಸ್ಸಿನಲ್ಲಿ ಅವಳು ರಂಜಿತಳ ಪಕ್ಕದಲ್ಲೇ ಕೂತಿದ್ದಳು. ಕೈಗೆ ಬಟ್ಟೆ ಸುತ್ತಿದ್ದರೂ ಹಾಜರಿ ಹಾಕಿ ರಜೆ ಬರೆದುಕೊಡಬೇಕೆಂದು ಹೊರಟಿದ್ದಳು. ಗಾಯವಾದದ್ದು ಬಲಗೈಯಾದ್ದರಿಂದ ಟಿಕೆಟ್ಟನ್ನು ಬಾಯಲ್ಲಿ ಕಚ್ಚಿಕೊಂಡು, ಎಡಗೈಯಿಂದ ಹತ್ತಿಯ ಉಂಡೆಯೊಂದನ್ನು ಬಿಚ್ಚಿದಳು.

"ನೋಡೇ, ಇಷ್ಟೇ ಇಷ್ಟು. ಡಾಕ್ಟ್ರು ಇಟ್ಕೋ ಅಂತ ಕೊಟ್ರು, ಬಂಗಾರ ಕೊಟ್ಟಂಗೆ." ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ನನ್ನ ಕೈ ಹಾಳಾಗ್ ಹೋಗ್ಲಿ ಬಿಡು, ಒಗ್ಗಿದ ಕೈ. ಯಾವ್ದೋ ಮಗೀನ ಕುತ್ತಿಗೇಗೆ ಚುಚ್ಚಿದ್ರೆ? ಯಾವ ಕಣ್ಣಿಲ್ದೋಳು ನೋಡಿ ಸೈನ್ ಹಾಕಿದ್ಲೋ, ಅವಳ ಕೈ ಸೇದೋಗಾ."

ತುದಿ ತೆಳ್ಳಗಿತ್ತು. ಹನ್ನೊಂದನೇ ನಂಬರು. ರಂಜಿತಳಿಗೆ ತನ್ನ ಮೇಲೂ ಕೋಪ ಬಂತು, ತನ್ನ ಆ ಮೆತ್ತನೆಯ 'ಅನ್ಸುತ್ತೆ' ಎಂಬ ಮಾತಿನ ಮೇಲೂ ಬಂತು. ಗೊತ್ತಿದ್ದುದನ್ನು ಯಾಕೆ ಅನ್ನಿಸುತ್ತೆ ಎಂದೆ? ಬಸ್ಸು ಇಳಿಯುವ ಮೊದಲು, "ಆ ಕಣ್ಣಿಲ್ದೋಳು ನಾನೇ ಅಕ್ಕ," ಎಂದಳು. "ಆದ್ರೆ ಕಣ್ಣಿತ್ತು. ಆ ತುದಿ ಒಂದಿನ ನಂಗೆ ಕೊಡು."

ಅನಸೂಯಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿ, ಹತ್ತಿಯ ಉಂಡೆಯನ್ನು ಅವಳ ಮಡಿಲಿಗೆ ಹಾಕಿದಳು.

ಹನ್ನೊಂದು ಗಂಟೆಗೆ ಮ್ಯಾನೇಜರ್ ದೇವೇಂದ್ರನ ಗಾಜಿನ ರೂಮಿಗೆ ಕರೆ ಬಂತು. ರಿಜಿಸ್ಟರ್, ಸೂಜಿ ಡಬ್ಬಿ, ಟೇಪು, ಹತ್ತಿಯ ಉಂಡೆ ಹಿಡಿದು ಹೋದಳು. ಒಳಗೆ ಜಯಕುಮಾರ್ ಕೈಕಟ್ಟಿ ನಿಂತಿದ್ದ. ಮೂಲೆಯಲ್ಲಿ ಟೈಲರ್ ಪಾಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಗಾಜಿನಾಚೆ ಇನ್ನೂರು ಮಿಷನ್ನುಗಳು ಓಡುತ್ತಿದ್ದವು.

"ಮಂಗಳವಾರದ ಪೇಜು ತೆಗಿ. ಈ ಸೈನ್ ಯಾರ್ದು?" ಎಂದ ದೇವೇಂದ್ರ.

"ನಂದು ಸಾರ್."

"ಅಂದ್ಮೇಲೆ ನೋಡಿದೋಳು ನೀನೇ."

"ಮೇಲೆ ಫಾರ್ ಅಂತ ಐತೆ ಸಾರ್. ಅವರು ಹೇಳಿದ್ರು."

"ನಾನಾ?" ಜಯಕುಮಾರ್ ಕಟ್ಟಿದ ಕೈ ಬಿಚ್ಚಿದ. "ಸಾರ್, ಆವಾಗ ನಾನು ಕಟಿಂಗಲ್ಲಿದ್ದೆ. ಈಯಮ್ಮ ನನ್ನನ್ನ ಕೇಳೂ ಇಲ್ಲ. ತನಗೆ ತಾನೇ ನನ್ನ ಹೆಸ್ರು ಬರ್ಕೊಂಡು ಸೈನ್ ಹಾಕ್ಬಿಟ್ಟವ್ಳೆ."

ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆಯನ್ನು ಅವಳು ಕೇಳಿದ್ದಳು. ಮೇಕೆಯ ಬಾಯಲ್ಲಿ ಆ ಮೊಸರು ಎಷ್ಟು ಹುಳಿಯಾಗಿರುತ್ತದೆ ಎನ್ನುವುದು ಇವತ್ತು ಗೊತ್ತಾಯಿತು.

"ಚೂರು ತಂದ್ಕೊಟ್ಟಿದ್ದು ಯಾರು? ಪಾಪಕ್ಕಾ, ನೀನು ಹೇಳು," ಎಂದಳು. "ನೀನಂತೂ ಮಿಷನ್ ಬಿಟ್ಟು ಎದ್ದಿರ್ಲಿಲ್ಲ. ಯಾರ ಕೈಗೆ ಕೊಟ್ಟೆ? ಎಷ್ಟು ಚೂರು ಕೊಟ್ಟೆ?"

ಪಾಪಮ್ಮನ ಮಗಳಿಗೆ ಮುಂದಿನ ತಿಂಗಳು ಇದೇ ಲೈನಿನಲ್ಲಿ ಕೆಲಸ ಕೊಡಿಸುವುದಾಗಿ ಜಯಕುಮಾರ್ ಮಾತು ಕೊಟ್ಟಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಪಾಪಮ್ಮ ನೆಲ ನೋಡಿದಳು. "ನಂಗೆ ಗ್ಯಾಪಕ ಇಲ್ಲ ಕಣವ್ವ," ಎಂದಳು. ಬೆರಳಿಗೆ ಸುತ್ತಿದ ಸೆರಗು ಬಿಗಿಯಾಗಿ ಬೆರಳ ತುದಿ ಕಪ್ಪಿಟ್ಟಿತ್ತು.

ದೇವೇಂದ್ರ ಬಿಳಿ ಹಾಳೆಯೊಂದನ್ನು ಮುಂದೆ ಸರಿಸಿದ. ದನಿ ಮೆತ್ತಗಾಯಿತು. "ನೋಡಮ್ಮ, ನಿನ್ನನ್ನ ಹಾಳು ಮಾಡೋ ಆಸೆ ನಂಗಿಲ್ಲ. ನನ್ನ ತಪ್ಪಿನಿಂದ ಹೀಗಾಯ್ತು, ನಾನಾಗೇ ಕೆಲಸ ಬಿಡ್ತಾ ಇದೀನಿ ಅಂತ ಎರಡು ಸಾಲು ಬರಿ. ಒಳ್ಳೆ ಸರ್ಟಿಫಿಕೇಟ್ ಕೊಡ್ತೀನಿ, ಪಕ್ಕದ ಫ್ಯಾಕ್ಟ್ರೀಲಿ ಸೇರ್ಕೋ. ಇಲ್ಲಾಂದ್ರೆ ನಾನೇ ತೆಗೀಬೇಕಾಗುತ್ತೆ, ಆಮೇಲೆ ಈ ಏರಿಯಾದಲ್ಲಿ ಯಾರೂ ಗೇಟೊಳಗೆ ಬಿಡಲ್ಲ. ಇದು ನಿಂಗೋಸ್ಕರಾನೇ ಹೇಳ್ತಿರೋದು."

ನಿಂಗೋಸ್ಕರ. ಸೀಬೆಹಣ್ಣಿನ ದೊಡ್ಡ ಅರ್ಧ ಕೊಟ್ಟ ಆ ಮಾತು ಈ ಬಾಯಲ್ಲಿ ಕೊಳೆತು ಬಂದಿತ್ತು. ರಂಜಿತಳ ಕಿವಿಯ ತನಕ ಉರಿ ಏರಿತು. ಎರಡು ವರ್ಷದಲ್ಲಿ ಈ ರೂಮಿನಲ್ಲಿ ಅವಳು ಹೂಂ ಸಾರ್ ಎನ್ನುವುದರ ಆಚೆಗೆ ಮಾತಾಡಿದವಳಲ್ಲ. ಹಾಳೆಯನ್ನು ಎರಡು ಬೆರಳಿನಿಂದ ತಳ್ಳಿದಳು. ಅದು ಮೇಜಿನಿಂದ ಜಾರಿ ಜಯಕುಮಾರನ ಬೂಟಿನ ಮೇಲೆ ಬಿತ್ತು.

ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. ಮಂಗಳವಾರದ ಪುಟದ ಟೇಪನ್ನು ಒಂದು ಅಂಚಿನಿಂದ ಕಿತ್ತಳು. ದಪ್ಪನೆಯ ತುದಿಯನ್ನು ಪಕ್ಕಕ್ಕೆ ಸರಿಸಿ, ಹತ್ತಿಯಿಂದ ಅನಸೂಯಕ್ಕನ ಅಂಗೈಯ ತುದಿ ತೆಗೆದು ನಡುವಿನ ಚೂರಿಗೆ ತಾಗಿಸಿದಳು. ಒಡೆದ ಗಡಿಗೆಯ ಬೋಕಿ ಗಡಿಗೆಗೆ ಕೂರುವ ಹಾಗೆ ಸಂದಿಲ್ಲದೆ ಕೂತಿತು. ಹೊಸ ಸೂಜಿಯೊಂದನ್ನು ಪಕ್ಕದಲ್ಲಿಟ್ಟಳು. ಈಗ ಎರಡೂ ಸಮ.

"ಇದು ಅನಸೂಯಕ್ಕನ ಕೈಯಿಂದ ತೆಗೆದಿದ್ದು. ಈ ದಪ್ಪದ್ದು ಯಾವ್ದೋ ಹಳೆ ಹದಿನಾರನೇ ನಂಬರಿಂದು. ಜಯಕುಮಾರ್ ಸಾರ್, ನಿಮಗೆ ತುದಿ ಸಿಗ್ಲಿಲ್ಲ, ಲೈನ್ ನಿಲ್ಸೋಕೆ ಮನಸ್ಸಿಲ್ಲ, ಹದಿನಾರು ಇರೋದು ಮೆಕ್ಯಾನಿಕ್ ಡಬ್ಬೀಲಿ ಮಾತ್ರ, ಅಲ್ಲಿಂದ ಹಳೇದೊಂದು ಎತ್ಕೊಂಡ್ಬಂದ್ರಿ. ನಾನು ಹೇಳ್ದೆ. ಸೂಜಿ ಡಾಕ್ಟ್ರಾ ಅಂದ್ರಿ."

"ಬಾಯಿಗೆ ಬಂದಂಗೆ ಮಾತಾಡ್ಬೇಡ," ಎಂದ ಜಯಕುಮಾರ್.

"ಬಾಯಿಗೆ ಇವತ್ತೇ ಬಂದಿರೋದು ಸಾರ್." ಪುಟ ತಿರುವಿದಳು. ಇನ್ನೊಂದು. ಮತ್ತೊಂದು. "ಫಾರ್ ಜಯಕುಮಾರ್. ಫಾರ್ ಜಯಕುಮಾರ್. ದೀಪಾವಳಿ ಹಿಂದಿನ ದಿನ, ಫಾರ್ ಜಯಕುಮಾರ್. ಎರಡು ವರ್ಷ ದಿನಾ ನಿಮ್ಮ ಹೆಸ್ರು ಕದೀತಾ ಇದ್ನಾ? ಕಳ್ಳತನ ಆಗ್ತಿದ್ರೆ ಒಂದಿನಾನೂ ಕೂಗ್ಲಿಲ್ವಲ್ಲ?" ಆಮೇಲೆ ತಿಂಗಳ ಕೊನೆಯ ಪುಟದ ಕೆಳಗೆ ಬೆರಳಿಟ್ಟು ರಿಜಿಸ್ಟರನ್ನು ದೇವೇಂದ್ರನ ಕಡೆಗೆ ತಿರುಗಿಸಿದಳು. ಅಲ್ಲಿ ಹಸಿರು ಇಂಕಿನ ಸಹಿಯಿತ್ತು. "ಇದು ನಿಮ್ದು ಸಾರ್. ಪ್ರತಿ ತಿಂಗಳೂ ಐತೆ. ನೀವೂ ನೋಡಿದೀರ. ನಿಮಗೆ ಫಾರ್ ಓದೋಕೆ ಬರುತ್ತಲ್ವಾ? ನಾನು ಒಂಬತ್ತನೇ ಕ್ಲಾಸು, ನಂಗೇ ಬರುತ್ತೆ."

ದೇವೇಂದ್ರ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಒರೆಸಿ ಮುಗಿದರೂ ಹಾಕಿಕೊಳ್ಳಲಿಲ್ಲ.

ರಂಜಿತ ಮಂಗಳವಾರದ ಪುಟಕ್ಕೆ ಮರಳಿದಳು. ತುದಿ, ನಡು, ಬುಡದ ಮೇಲೆ ಹೊಸ ಟೇಪು ಎಳೆದು ಉಗುರಿನಿಂದ ಉಜ್ಜಿದಳು. ತನ್ನ ಸಹಿಯನ್ನು ಹೊಡೆದುಹಾಕಲಿಲ್ಲ. ಅದು ಅವಳ ಪಾಲು, ಇರಲಿ. ಅದರ ಪಕ್ಕದಲ್ಲಿ ಇನ್ನೂ ಎರಡು ಬೆರಳಷ್ಟು ಜಾಗವಿತ್ತು. ಪೆನ್ನಿನ ಮುಚ್ಚಳ ತೆಗೆದು, ಹಿಡಿಯುವ ಕಡೆ ಜಯಕುಮಾರನಿಗೆ ಬರುವಂತೆ ಚಾಚಿದಳು. ಅವನು ಕೈಯನ್ನು ಜೇಬಿಗೆ ಇಳಿಸಿದ. ಪಾಪಮ್ಮ ಒಂದು ಸಲ ತಲೆಯೆತ್ತಿ ಪೆನ್ನನ್ನು ನೋಡಿ ಮತ್ತೆ ತಗ್ಗಿಸಿದಳು. ಗಾಜಿನಾಚೆ ಮಿಷನ್ನುಗಳು ಹೊಲಿಯುತ್ತಲೇ ಇದ್ದವು. ರಂಜಿತ ಪೆನ್ನನ್ನು ಇನ್ನೂ ಮುಂದಕ್ಕೆ ಚಾಚಿದಳು.

"ಇಲ್ಲಿ ನಿಮ್ಮ ಸೈನ್ ನೀವೇ ಹಾಕಿ ಸಾರ್."