ಚಾಕು ಕೈಬಿಡುವ ಮುನ್ನ

ಶಿಬಿರದ ಶಿಕ್ಷಕಿ ಹೆನ್ನಾ ಚಾಕುವಿನ ಹಿಡಿಯನ್ನು ಮುಂದೆ ಮಾಡಿ ಕೈ ಚಾಚಿದಳು. ಎದುರಿನ ದಿಮ್ಮಿಯ ಮೇಲೆ ಕೂತಿದ್ದ ಒಂಬತ್ತರ ಹುಡುಗಿ ಸೈಮಿ ಅದನ್ನು ಹಿಡಿದುಕೊಂಡಳು. ಇನ್ನು ಉಳಿದದ್ದು ಒಂದೇ ಮಾತು: ‘ಕೀತೋಸ್’. ಈ ಧನ್ಯವಾದ ಕಿವಿಗೆ ಬಿದ್ದ ಮೇಲೆಯೇ ಕೊಡುವವರು ಚಾಕು ಬಿಡಬೇಕು. ಸರೋವರದ ದಂಡೆಯ ಈ ಮಕ್ಕಳ ಶಿಬಿರದ ಮೊದಲ ನಿಯಮ ಅದು.

ಸೈಮಿಯ ತುಟಿ ಅಲುಗಿತು, ದನಿ ಹೊರಡಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಈ ಹುಡುಗಿಗೆ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಕೊಬ್ಬೇನೂ ಅಲ್ಲ, ಹೆದರಿಕೆ. ಉಳಿದ ಪರೀಕ್ಷೆಗಳನ್ನೆಲ್ಲ ನೀರು ಕುಡಿದಂತೆ ಮುಗಿಸಿದ್ದಳು. ಒರೆಯೊಳಗಿನ ಚಾಕು ಹಿಡಿದು ಸುತ್ತ ತಿರುಗಿ ಯಾರೂ ಕೈಯಳತೆಯಲ್ಲಿಲ್ಲ ಎಂದು ನೋಡಿಕೊಂಡಿದ್ದಳು, ಕಟ್ಟಿಗೆಯನ್ನು ಮೈಯಿಂದ ಆಚೆಗೇ ಕೆತ್ತಿದ್ದಳು. ಆದರೂ ಅವಳ ಒರೆಗೆ ತೇರ್ಗಡೆಯ ಕೆಂಪು ದಾರ ಬಿದ್ದಿರಲಿಲ್ಲ. ದಾರವಿಲ್ಲದವರು ನಾಳೆ ದ್ವೀಪಕ್ಕೆ ಹೋಗುವಂತಿಲ್ಲ. ಉಳಿದ ಮಕ್ಕಳೆಲ್ಲ ಹೋಗುವವರೇ.

“ಒಂದು ಮಾತಿಗೆ ಎಷ್ಟೊತ್ತು ಕಾಯೋದು? ಸಾಸೇಜ್ ಕರಕಲಾಗುತ್ತೆ,” ಎಂದ ಪಕ್ಕದಲ್ಲಿದ್ದ ಹುಡುಗ ತೂರೆ. ಮಕ್ಕಳು ಕಿಸಕ್ಕೆಂದರು.

“ಬಾಯಿ ಮುಚ್ಕೋ ತೂರೆ,” ಎಂದು ಗದರಿದ ಹೆನ್ನಾ ಸೈಮಿಯತ್ತ ಬಾಗಿದಳು. “ನೋಡು ಪುಟ್ಟಿ, ಗಟ್ಟಿಯಾಗಿ ಹಿಡ್ಕೊಂಡೆ ಅನ್ಸಿದಾಗ ನನ್ನ ಮಣಿಕಟ್ಟಿಗೆ ಎರಡು ಸಲ ತಟ್ಟು. ಆಗ ಬಿಡ್ತೀನಿ.”

ಸೈಮಿ ಹಿಡಿಯನ್ನು ನೋಡಿದಳು, ಬೆರಳು ಸರಿಮಾಡಿಕೊಂಡಳು, ಇನ್ನೊಂದು ಕೈಯಿಂದ ಎರಡು ಸಲ ತಟ್ಟಿದಳು. ಹೆನ್ನಾ ಬಿಟ್ಟಳು.

“ಇದು ನಡೆಯಲ್ಲ,” ಎಂದ ತೌನೊ. ಶಿಬಿರದ ಹಿರಿಯ. ಮೂರು ತಲೆಮಾರಿನ ಮಕ್ಕಳಿಗೆ ಚಾಕು ಹಿಡಿಯಲು ಕಲಿಸಿದವನು. “ನಿಯಮ ಅಂದ್ರೆ ನಿಯಮ. ಒಬ್ಬರಿಗೆ ಸಡಿಲ ಬಿಟ್ರೆ ನಾಳೆ ಇನ್ನೊಬ್ಬ ಕಣ್ಣು ಹೊಡೀತೀನಿ ಅಂತಾನೆ. ಬಾಯಿಬಿಟ್ಟು ಹೇಳ್ಲಿ, ದಾರ ಕಟ್ತೀನಿ.”

“ಅವಳಿಗೆ ಆಗಲ್ಲ ತೌನೊ. ಬೇಕೂಂತ ಮಾಡ್ತಿದಾಳಾ?”

“ಹಂಗಾದ್ರೆ ಮುಂದಿನ ವರ್ಷ ಬರ್ಲಿ.”

ಸೈಮಿ ತಲೆ ತಗ್ಗಿಸಿ ಚಾಕುವನ್ನು ಒರೆಗೆ ಸೇರಿಸಿದಳು. ಹೆನ್ನಾಗೆ ಮೈಯೆಲ್ಲ ಉರಿಯಿತು. ಬಿಸಿಬಿಸಿ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಸರೋವರದ ಕಡೆಗೆ ಗಾಳಿ ಬೀಸಿ ದೊಡ್ಡ ದೋಣಿಯ ಗಂಟು ಸಡಿಲಿತು.

ತೌನೊ ಓಡಿದ. ದೋಣಿ ಕಟ್ಟುವ ಹಲಗೆಕಟ್ಟೆಯ ತುದಿಯಲ್ಲಿ ಜಾರಿಹೋಗುತ್ತಿದ್ದ ಹಗ್ಗಕ್ಕೆ ಕೈಹಾಕಿ ಅಂಗೈಗೆ ಸುತ್ತಿಕೊಂಡ. ಹಗ್ಗವನ್ನು ಎಂದೂ ಕೈಗೆ ಸುತ್ತಬೇಡಿ ಎಂದು ಬೆಳಗ್ಗೆಯಷ್ಟೇ ಪಾಠ ಮಾಡಿದವನು ಇವನೇ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ದೋಣಿ ಗಾಳಿಗೆ ಜಗ್ಗಿತು, ಹಗ್ಗ ಬಿಗಿಯಿತು, ಅವನ ಕೈ ಕಟ್ಟೆಯ ಕಂಬಕ್ಕೆ ಸಿಕ್ಕಿಕೊಂಡಿತು. ಅವನು ಮಂಡಿಯೂರಿ ಕುಸಿದ.

ಹೆನ್ನಾ ನೀರಿಗೆ ಹಾರಿದಳು. ಸೆಪ್ಟೆಂಬರ್ ಕೊನೆಯ ನೀರು, ಎದೆಮಟ್ಟ. ಎಡಗೈಯಿಂದ ದೋಣಿಯ ಅಂಚನ್ನು ಹಿಡಿದೆಳೆಯುತ್ತ ಬಲಗೈಯಿಂದ ಹಗ್ಗದ ಸುತ್ತು ಬಿಡಿಸಲು ನೋಡಿದಳು. ಅದು ಒಂದಿಷ್ಟೂ ಕದಲಲಿಲ್ಲ. ತೌನೊನ ಬೆರಳುಗಳು ನೀಲಿಗಟ್ಟುತ್ತಿದ್ದವು.

“ಚಾಕು!” ಎಂದು ಕೂಗಿದಳು.

ಮಕ್ಕಳ ಚಾಕುಗಳೆಲ್ಲ ತೌನೊನ ಪೆಟ್ಟಿಗೆಯಲ್ಲಿದ್ದವು, ಬೀಗದಕೈ ಅವನ ಜೇಬಿನಲ್ಲಿ. ನೀರಿನ ಬಳಿ ಸೊಂಟದಲ್ಲಿ ಚಾಕು ಇರಬಾರದೆಂಬುದೂ ಅವನದೇ ನಿಯಮ, ಹಾಗಾಗಿ ಅವನ ಚಾಕೂ ಹೆನ್ನಾಳದೂ ಗುಡಿಸಲಿನ ಗೂಟದಲ್ಲಿದ್ದವು. ಹೊರಗೆ ಇದ್ದದ್ದು ಒಂದೇ, ಸೈಮಿಯ ಕೈಯಲ್ಲಿ.

ಸೈಮಿ ಹೊರಟಳು. ಓಡಲಿಲ್ಲ, ನಡೆದಳು.

“ಓಡೇ, ಓಡು!” ಮಕ್ಕಳು ಬೊಬ್ಬೆ ಹಾಕಿದರು. ಹಲಗೆಗಳ ಮೇಲೆ ಪಾಚಿಯಿತ್ತು. ಸೈಮಿ ಒರೆಯನ್ನು ಎದೆಗೊತ್ತಿಕೊಂಡು ಒಂದೊಂದೇ ಹೆಜ್ಜೆ ಊರಿ ಬಂದಳು. ಹೆನ್ನಾಗೆ ಆ ಮಗುವಿನ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು. ಚಾಕು ಹಿಡಿದು ಓಡಬಾರದೆಂದು ಕಲಿಸಿದ್ದು ತಾನೇ ಎಂಬುದು ಆಗ ನೆನಪಿಗೂ ಬರಲಿಲ್ಲ.

ಸೈಮಿ ಕಟ್ಟೆಯ ಮೇಲೆ ಬೋರಲು ಮಲಗಿದಳು. ಹೆನ್ನಾಗೆ ಖಾಲಿ ಇರುವುದು ಒಂದೇ ಕೈ ಎಂದು ನೋಡಿ ಒರೆ ತೆಗೆದಳು, ಅಲಗಿನ ಬೆನ್ನು ಹಿಡಿದು ಹಿಡಿಯನ್ನು ಕೆಳಗೆ ಚಾಚಿದಳು.

“ಕೀತೋಸ್, ಕೀತೋಸ್,” ಎಂದು ಹೆನ್ನಾ ಕೈಹಾಕಿದಳು.

ಸೈಮಿ ಬಿಡಲಿಲ್ಲ.

“ಬಿಡೇ!”

ಹುಡುಗಿ ತಲೆಯಾಡಿಸಿದಳು. ಅವಳ ಕಣ್ಣು ಹೆನ್ನಾಳ ಕೈಯ ಮೇಲಿತ್ತು. ಹೆನ್ನಾ ಅತ್ತ ನೋಡಿದಳು. ಹಿಡಿಯ ಮೇಲೆ ಅವಳ ಬೆರಳುಗಳು ಅರೆತೆರೆದು ಸುಮ್ಮನೆ ಒರಗಿಕೊಂಡಿದ್ದವು. ಚಳಿಗೆ ಮರಗಟ್ಟಿ ಸ್ಪರ್ಶವೇ ಇರಲಿಲ್ಲ. ಹಿಡಿದಿದ್ದೇನೆಂದು ಅವಳು ನಂಬಿದ್ದಳು, ಬಾಯಿ ಅಭ್ಯಾಸಬಲದಿಂದ ಮಾತು ಒದರಿತ್ತು. ಆ ಮಾತು ನಂಬಿ ಹುಡುಗಿ ಬಿಟ್ಟಿದ್ದರೆ ಇದ್ದೊಂದು ಚಾಕು ಸರೋವರದ ತಳ ಸೇರುತ್ತಿತ್ತು. ತಾನು ಎಳೆದಿದ್ದರೆ ಹುಡುಗಿಯ ಬೆರಳು ಹೋಗುತ್ತಿತ್ತು.

ಹೆನ್ನಾ ಬೆರಳುಗಳನ್ನು ಕಣ್ಣಿಂದ ನೋಡುತ್ತಲೇ ಒಂದೊಂದಾಗಿ ಮಡಿಸಿದಳು. ಆಮೇಲೆ ದೋಣಿ ಬಿಟ್ಟಳು. ಅದು ಜಗ್ಗಿತು, ತೌನೊ ನರಳಿದ. ಬಿಟ್ಟ ಕೈಯಿಂದ ಹೆನ್ನಾ ಆ ಪುಟ್ಟ ಮಣಿಕಟ್ಟಿಗೆ ಎರಡು ಸಲ ತಟ್ಟಿದಳು.

ಸೈಮಿ ಬಿಟ್ಟಳು.

ಬಿಗಿದ ಹಗ್ಗ ಎರಡೇ ಎಳೆತಕ್ಕೆ ತುಂಡಾಯಿತು. ದೋಣಿ ತನ್ನ ಪಾಡಿಗೆ ತಾನು ತೇಲಿಹೋಯಿತು, ಯಾರೂ ಅದರತ್ತ ನೋಡಲಿಲ್ಲ.

ಸಂಜೆ ಬೆಂಕಿಯ ಸುತ್ತ ಎಲ್ಲರೂ ಕೂತಿದ್ದರು. ತೂರೆ ತನ್ನ ಪಾಲಿನ ಸಾಸೇಜನ್ನು ಯಾರೂ ಹೇಳದೆಯೇ ಸೈಮಿಯ ತಟ್ಟೆಗೆ ಹಾಕಿದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ ತೌನೊ ಎಡಗೈ ಮತ್ತು ಹಲ್ಲು ಬಳಸಿ ಒರೆಯೊಂದಕ್ಕೆ ಕೆಂಪು ದಾರ ಕಟ್ಟುತ್ತಿದ್ದ. ಗಂಟು ಎರಡು ಸಲ ಬಿಚ್ಚಿಕೊಂಡಿತು. ಹೆನ್ನಾ ನೆರವಿಗೆ ಹೋದರೆ, “ಬೇಡ, ಇದು ನನ್ನ ಕೆಲ್ಸ,” ಎಂದ.

ಆಮೇಲೆ ಎದ್ದುಹೋಗಿ ಸೈಮಿಯ ಮುಂದೆ ಮಂಡಿಯೂರಿದ. ಹಿಡಿ ಅವಳ ಕಡೆಗೆ ಮಾಡಿ, ದಾರ ಕಟ್ಟಿದ ಒರೆಯಲ್ಲಿದ್ದ ಚಾಕುವನ್ನು ಎಡಗೈಯಿಂದ ಚಾಚಿದ. ಸೈಮಿ ಬಿಗಿಯಾಗಿ ಹಿಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು, ಅವನ ಮಣಿಕಟ್ಟಿಗೆ ಎರಡು ಸಲ ತಟ್ಟಿದಳು.

ತೌನೊ ಚಾಕು ಬಿಟ್ಟ.

“ಕೀತೋಸ್,” ಎಂದ. ಅದು ತೆಗೆದುಕೊಳ್ಳುವವರು ಹೇಳುವ ಮಾತು. ಕೊಡುವವನ ಬಾಯಿಂದ ಅದನ್ನು ಹೆನ್ನಾ ಎಂದೂ ಕೇಳಿರಲಿಲ್ಲ.