ಇನ್ನೊಂದು ಬೀಗದ ಕೈ

ಚೊಂಬಿನ ನೀರು ಮೂಲೆಯತ್ತ ಹರಿದು ಕಲ್ಲಿನ ಸಂದಿಯಲ್ಲಿ ಸದ್ದಿಲ್ಲದೆ ಇಂಗುತ್ತಿದೆ, ಅಯ್ಯೋ, ಇದು ಈಗ ಕೆಳಗೆ ಅವಳ ರೂಮಿಗೆ — ಮನೆಯೊಡತಿ ನಲ್ಲಿ ನಿಲ್ಲಿಸಿದಳು, ಮೈಯೆಲ್ಲ ಸೋಪಿನ ನೊರೆ, ಹಾಗೇ ನಿಂತಳು. ಅಕ್ಕ, ನಿಮ್ಮ ಬಚ್ಚಲಿಂದ ನಮ್ ರೂಮಿಗೆ ನೀರು ಸೋರ್ತಿದೆ, ಒಂಚೂರು ನೋಡಿಸ್ತೀರಾ, ಕೆಳಮನೆಗೆ ಬಾಡಿಗೆಗೆ ಬಂದ ನರ್ಸಮ್ಮ ಮೂರು ಸಲ ಹೇಳಿದ್ದಳು, ಮೂರು ಸಲವೂ ಇವಳು ನೋಡೋಣಮ್ಮ ಅಂದು ಬಾಗಿಲು ಹಾಕಿಕೊಂಡಿದ್ದಳು, ನೋಡಿದ್ದೇನು, ಮಣ್ಣು. ಆದರೆ ಮೊನ್ನೆ ರಾತ್ರಿ ಕೆಳಗೆ ಮಂಚ ಎಳೆದ ಸದ್ದಾದದ್ದೇ ತಡ ಕಿವಿ ನೆಟ್ಟಗಾಯಿತು, ಒಬ್ಬಳೇ ಇರ್ತೀನಿ ಅಂತ ಬಂದವಳು ಯಾರನ್ನೋ ತಂದಿಟ್ಟುಕೊಂಡಿದ್ದಾಳೆ, ಇಲ್ಲದಿದ್ದರೆ ಮಂಚ ಯಾಕೆ ಜರುಗಬೇಕು, ಡ್ಯೂಟಿಗೆ ಹೋಗಲಿ, ನೋಡೇಬಿಡ್ತೀನಿ — ಬೆಳಿಗ್ಗೆ ಅವಳು ಹೋದಳು, ಇವಳ ಹತ್ತಿರ ಇನ್ನೊಂದು ಬೀಗದ ಕೈ ಇತ್ತು, ಇರಬಾರದಿತ್ತು.

ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು. ಮಂಚ ಅಡುಗೆಮನೆಯಲ್ಲಿ, ಒಲೆಕಟ್ಟೆಗೆ ಒತ್ತಿಕೊಂಡು, ರೂಮಿನಲ್ಲಿ ಅದಿದ್ದ ಜಾಗದಲ್ಲಿ ಬಕೆಟ್ಟು, ಅದರೊಳಗೆ ತೊಟ್ಟಿಕ್ಕುತ್ತಿದ್ದುದು ಇವಳದೇ ಸ್ನಾನದ ನೀರು, ಇವಳದೇ ಸೋಪಿನ ವಾಸನೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣಕ್ಕೆ ಬೆರಳು ತೋರಿಸುವ ಜಾತಿ, ಥೂ. ಅಲ್ಲಿಗಾದರೂ ತಿರುಗಿ ಬರಬಹುದಿತ್ತಲ್ಲ, ಇಲ್ಲ, ಬಂದದ್ದು ಬಂದಾಯಿತು ಅಂತ ಬೀರುವಿಗೂ ಕೈ ಹಾಕಿದಳು, ಮಡಿಸಿಟ್ಟ ಒಳಬಟ್ಟೆಗಳ ನಡುವೆ ಕೈಯಿದ್ದಾಗ ಕರೆಗಂಟೆ ಸದ್ದಾಯಿತು. ಆಗ ನೆನಪಾಯಿತು, ಕಳ್ಳಿಯ ಹಾಗೆ ಒಳಗೆ ನುಗ್ಗುವಾಗಲೂ ರೂಢಿ ಬಿಡದೆ ಚಪ್ಪಲಿಗಳನ್ನು ಬಾಗಿಲಾಚೆ ಜೋಡಿಸಿಟ್ಟು ಬಂದಿದ್ದಳು, ಎಂಥ ದಡ್ಡಿ. ಮತ್ತೆ ಗಂಟೆ, ಮೆಲ್ಲಗೆ, ಅವಸರವಿಲ್ಲದೆ, ನೀವು ಸುಧಾರಿಸಿಕೊಳ್ಳಿ ಎಂಬ ಹಾಗೆ. ಬೀರು ಮುಚ್ಚಿ ಚಿಲಕ ತೆಗೆದರೆ ನರ್ಸಮ್ಮ, ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ, ಕಣ್ಣು ನೆಲದ ಮೇಲೆ. ಕೂಗಾಡಿದ್ದರೆ, ನಾಲ್ಕು ಜನರನ್ನು ಸೇರಿಸಿದ್ದರೆ ಇವಳೂ ಬಾಯಿ ಮಾಡಿ ಗೆದ್ದುಬಿಡುತ್ತಿದ್ದಳು, ಬಾಯಿಗೇನು ಬರವೇ. ಗುರುತಿನ ಚೀಟಿ ಮರ್ತು ಹೋಗಿದ್ದೆ ಅಕ್ಕ, ತಗೊಂಡು ಹೋಗ್ತೀನಿ, ಒಳಗೆ ಬರ್ಲಾ. ತಪ್ಪಾಯ್ತು ಅನ್ನಬೇಕಿತ್ತು, ಒಂದೇ ಮಾತು, ನಾಲಿಗೆಯ ತುದಿಗೆ ಬಂದಿತ್ತು — ಬಾಮ್ಮ, ಬಾ, ಅಂದಳು, ಅವಳ ಮನೆಗೆ ಅವಳನ್ನೇ ಬಾ ಅಂದಳು, ದೊಡ್ಡ ಮನಸ್ಸು ಮಾಡಿದವಳ ಹಾಗೆ ಪಕ್ಕಕ್ಕೆ ಸರಿದು ದಾರಿಯನ್ನೂ ಬಿಟ್ಟಳು, ಮತ್ತು ಅವಳು ತಲೆ ತಗ್ಗಿಸಿ, ಥ್ಯಾಂಕ್ಸ್ ಅಕ್ಕ, ಅಂದು, ತನ್ನ ಮನೆಯೊಳಗೆ, ಮೈ ಮುದುಡಿಕೊಂಡು, ಮೈ ಮುದುಡಿಕೊಂಡು —