ಗಾಜಿನ ಗೀರು

ತೀರಿಕೊಂಡ ಅಪ್ಪನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದ ಗೋದಾ ತಲೆಯೆತ್ತಿದಳು. ಆ ಅಪರಿಚಿತ ಇನ್ನೂ ಹೊಸಿಲಾಚೆಯೇ ನಿಂತು ಅವಳಪ್ಪ ಶ್ರೀನಿವಾಸಯ್ಯನವರ ಮುಖವನ್ನು ನೋಡುತ್ತಿದ್ದ. ಚಾಮರಾಜಪೇಟೆಯ ಆ ಪುಟ್ಟ ಮನೆಗೆ ಬೆಳಗಿನಿಂದ ಬಂದವರೆಲ್ಲ ಹಾರ ಹಾಕಿ, ಕೈಮುಗಿದು, ಹೊರಗೆ ಹೋಗಿ ಕುಳಿತಿದ್ದರು. ಇವನ ಕೈಯಲ್ಲಿ ಹಾರವೂ ಇರಲಿಲ್ಲ.

"ಯಾರು ಅಂಕಲ್ ಅದು?" ಎಂದು ಅಪ್ಪನ ಜೊತೆ ಪೊಲೀಸ್ ಇಲಾಖೆಯ ಬೆರಳಚ್ಚು ಪತ್ತೆ ಕಚೇರಿಯಲ್ಲಿದ್ದ ಚೂಡಾಮಣಿಯವರನ್ನು ಕೇಳಿದಳು.

ಅವರು ದನಿ ತಗ್ಗಿಸಿದರು. "ಮುರುಗೇಶ್ ಅಂತ, ಶ್ರೀರಾಂಪುರದೋನು. ನಿಮ್ಮಪ್ಪ ಕೊಟ್ಟ ಬೆರಳಚ್ಚಿನ ಮೇಲೆ ಎರಡು ವರ್ಷ ಒಳಗಿದ್ದ. ಗಲಾಟೆ ಮಾಡಕ್ಕೇ ಬಂದಿರ್ತಾನೆ, ನೀನು ಮಾತಾಡ್ಸ್ಬೇಡಮ್ಮ."

ಗೋದಾಳಿಗೆ ಕಸಿವಿಸಿಯಾಯಿತು. ಮೂರು ವರ್ಷದ ಹಿಂದೆ ಅಪ್ಪನನ್ನು ಇದ್ದಕ್ಕಿದ್ದಂತೆ ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಹಳೆಯ ಕಡತಗಳ ಕೋಣೆಗೆ ತಳ್ಳಿದ್ದರು. ಪೊಲೀಸರಿಗೆ ಬೇಕಾದ ಹಾಗೆ ಅಚ್ಚು ತಿದ್ದಿಕೊಟ್ಟರಂತೆ ಎಂದು ಬೀದಿಯೆಲ್ಲ ಗುಸುಗುಸು. "ನಿಜಾನಾ ಅಪ್ಪಾ?" ಎಂದು ಅವಳು ಕೇಳಿದ್ದಳು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಯಾವ ಕೇಸು ಎಂದೂ ಹೇಳಲಿಲ್ಲ. ಬಾಯಿ ಬಿಡದವರ ಮೇಲೆ ಅನುಮಾನ ಬರದೆ ಇನ್ನೇನು ಬರುತ್ತದೆ? ಅಂದಿನಿಂದ ಅವಳು ಊಟಕ್ಕೆ ಕರೆಯುವುದಕ್ಕಷ್ಟೇ ಅವರನ್ನು ಮಾತಾಡಿಸುತ್ತಿದ್ದಳು.

*

ಅದಕ್ಕೂ ಎರಡು ಮೂರು ವರ್ಷ ಮುಂಚೆ, ಗೋದಾ ಇನ್ನೂ ಕಾಲೇಜಿನಲ್ಲಿದ್ದಳು. ಅಪ್ಪನ ಕಚೇರಿಗೆ ಫೋಟೊಶಾಪ್ ಬಂದ ಹೊಸತು. ಮೌಸ್ ಅವರ ಕೈಗೆ ಒಗ್ಗುತ್ತಿರಲಿಲ್ಲ. ಕಿರಿಯರೆದುರು ಹೇಳಿಕೊಳ್ಳಲು ನಾಚಿಕೆ. ಒಂದು ಭಾನುವಾರ ಫ್ಲಾಪಿಯನ್ನು ಮನೆಗೇ ತಂದು ಮಗಳ ಕಂಪ್ಯೂಟರಿಗೆ ಹಾಕಿದರು. ಯಾವುದೋ ಅಂಗಡಿಯ ಒಡೆದ ಗಾಜಿನ ಮೇಲಿನ ಹೆಬ್ಬೆರಳಚ್ಚು, ಮಸುಕು ಮಸುಕು.

"ಮೂಲದ್ದನ್ನ ಮುಟ್ಬೇಡ, ಕಾಪಿ ಮೇಲೆ ಮಾಡು. ಕಪ್ಪು ಸ್ವಲ್ಪ ಹೆಚ್ಚಿಸು. ಸಾಕು. ಇಲ್ಲದ ಗೆರೆ ನಾವು ಬರೀಬಾರ್ದಮ್ಮ, ಇರೋದು ಕಾಣ್ಬೇಕು ಅಷ್ಟೆ," ಎಂದು ಹೇಳಿ ಕನ್ನಡಕ ತರಲು ಎದ್ದುಹೋದರು.

ಅಚ್ಚಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ ಹಾದಿತ್ತು. ಅಂದಗೆಡಿಸುತ್ತಿದೆ ಎಂದು ಗೋದಾ ಅಕ್ಕಪಕ್ಕದ ರೇಖೆಗಳನ್ನೇ ನಕಲು ಮಾಡಿ ಅದನ್ನು ತುಂಬಿಬಿಟ್ಟಳು.

"ಗಾಜಿನ ಗೀರಿತ್ತು ಅಪ್ಪಾ, ಅಳಿಸ್ದೆ."

"ಎಷ್ಟು ನೀಟಾಗಿ ಬಂತು ನೋಡು!" ಎಂದು ಅಪ್ಪ ಹಿಗ್ಗಿದರು. ಮಗಳ ಜಾಣತನದ ಸಂಭ್ರಮದಲ್ಲಿ ಮೂಲದೊಂದಿಗೆ ಹೋಲಿಸಿ ನೋಡಲಿಲ್ಲ.

*

ಗೋದಾ ಬಾಗಿಲಿಗೆ ಬಂದಳು. "ಏನಾಗ್ಬೇಕಿತ್ತು?"

"ಏನೂ ಇಲ್ಲ ಮೇಡಂ. ಸಾರ್‌ನ ನೋಡಿ ಹೋಗಣ ಅಂತ."

"ನಿಮ್ಮನ್ನ ಜೈಲಿಗೆ ಕಳ್ಸಿದೋರನ್ನ?"

"ಬಿಡಿಸ್ದೋರೂ ಅವ್ರೇ ಅಲ್ವಾ?" ಎಂದ ಮುರುಗೇಶ್. "ಆಮೇಲೆ ಬೇರೆ ಕಳ್ಳ ಸಿಕ್ದ. ಅವನ ಹೆಬ್ಬೆರಳಲ್ಲಿ ಗಾಯದ ಕಲೆ ಇತ್ತು, ಅದೊಂದು ಬಿಟ್ರೆ ಅಚ್ಚು ನನ್ನದರ ಥರಾನೇ ಅಂತೆ. ಸಾರ್ ತಿದ್ದದೇ ಇರೋ ಹಳೇ ಫೋಟೊ ತೆಗ್ದು ನೋಡಿದ್ರಂತೆ, ಅದ್ರಲ್ಲೂ ಆ ಗೆರೆ ಇತ್ತಂತೆ. ಕೋರ್ಟಲ್ಲಿ ಅವ್ರೇ ಎದ್ದು, ಗಾಜಿನ ಗೀರು ಅಂದ್ಕೊಂಡು ಆ ಕಲೆ ಅಳಿಸ್ದೋನು ನಾನೇ ಅಂದ್ರು. ಕಂಪ್ಯೂಟರ್ ಹತ್ರ ಇನ್ಯಾರಿದ್ರು ಅಂತ ಜಡ್ಜು ಕೇಳಿದ್ರು. ಯಾರೂ ಇರ್ಲಿಲ್ಲ ಅಂದ್ಬಿಟ್ರು."

ಗೋದಾ ಬಾಗಿಲವಾಡ ಹಿಡಿದುಕೊಂಡಳು. ಮೂರು ವರ್ಷ ಎದುರು ಕುಳಿತು ಉಂಡ ಮನುಷ್ಯ ಒಂದು ದಿನವೂ ಇದನ್ನು ಬಾಯಿಬಿಟ್ಟಿರಲಿಲ್ಲ. ಅವಳು ತಿರುಗಿ ಅಪ್ಪನ ಮುಖ ನೋಡಿದಳು.

"ಅಕ್ಕಿ ಹಾಕೋರು ಬನ್ನಿ, ಹೊತ್ತಾಯ್ತು," ಎಂದು ಒಳಗಿನಿಂದ ಪುರೋಹಿತರು ಕೂಗಿದರು.

"ಸಾರ್ ಬಾಯಿಗೆ ನಾನೂ ನಾಕು ಕಾಳು ಹಾಕ್ಬೋದಾ?" ಮುರುಗೇಶ್ ಅಳುಕುತ್ತ ಕೇಳಿದ.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದ ಒಬ್ಬರೇ ಒಬ್ಬರು ಒಳಗೆ ಮಲಗಿದ್ದರು. ಗೋದಾ ತಟ್ಟೆಯಿಂದ ಅಕ್ಕಿ ತಂದು ಅವನ ಅಂಗೈಗೆ ಹಾಕಿದಳು.

"ಅಳಿಸಿದ್ದು ಅಪ್ಪ ಅಲ್ಲ," ಎಂದಳು. "ನಾನು."

ಅವನು ಅವಳನ್ನು ನೋಡಿದ, ಒಳಗಿದ್ದವರನ್ನು ನೋಡಿದ. ಒಳಗೂ ಬರಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಬಿಗಿಯಾಗುತ್ತಿದ್ದ ಅವನ ಮುಷ್ಟಿಯ ಸಂದಿನಿಂದ ಅಕ್ಕಿಕಾಳುಗಳು ಒಂದೊಂದಾಗಿ ಅವಳ ಕಾಲ ಬಳಿ ಉದುರತೊಡಗಿದವು.